ಫ್ರೆಡರಿಕ್ಸ್‌ಬರ್ಗ್‌ನ ‘ಸಂಡೇ ಹೌಸ್’ ಮೊದಲು ಬಂದವರ ಮನೆಯಲ್ಲ

ಪ್ರಶ್ನೆ: ಟೆಕ್ಸಸ್‌ನ ಫ್ರೆಡರಿಕ್ಸ್‌ಬರ್ಗ್‌ಗೆ ಹೋಗುವವರಿದ್ದೇವೆ. ಅಲ್ಲಿಗೆ ಮೊದಲು ಬಂದ ಜರ್ಮನ್ನರು ಬಡತನದಲ್ಲಿ ಕಟ್ಟಿಕೊಂಡ ಪುಟ್ಟ ‘ಸಂಡೇ ಹೌಸ್’ಗಳನ್ನು ಎಲ್ಲಿ ನೋಡಬಹುದು?

ಉತ್ತರ: ಎಲ್ಲಿ ಎಂದರೆ, ವೆಸ್ಟ್ ಮೇನ್ ಸ್ಟ್ರೀಟ್‌ನ ಪಯನಿಯರ್ ಮ್ಯೂಸಿಯಂ ಆವರಣದಲ್ಲಿ. ಅಲ್ಲಿ 1904ರಲ್ಲಿ ಕಟ್ಟಿದ ವೆಬರ್ ಸಂಡೇ ಹೌಸ್ ಇದೆ. ಸಂಡೇ ಹೌಸ್ ಎಂದರೆ ದೂರದ ಜಮೀನಿನ ರೈತರು ಶನಿವಾರ ರಾತ್ರಿ ಊರಲ್ಲಿ ತಂಗಿ ಭಾನುವಾರ ಚರ್ಚಿಗೆ ಹೋಗಲು ಇಟ್ಟುಕೊಂಡಿದ್ದ ಪುಟ್ಟ ಮನೆ. ಸೇಂಟ್ ಮೇರಿ ಚರ್ಚಿನ ಸುತ್ತಲಿನ ಬೀದಿಗಳಲ್ಲೂ ಇಂಥ ಮನೆಗಳಿವೆ. ಅವುಗಳಲ್ಲಿ ಈಗಲೂ ಜನ ಇದ್ದಾರೆ, ಇಲ್ಲವೇ ಪ್ರವಾಸಿಗರಿಗೆ ಬಾಡಿಗೆಗೆ ಹೋಗುತ್ತವೆ. ಹಾಗಾಗಿ ರಸ್ತೆಯಿಂದಲೇ ನೋಡಿ ಮುಂದೆ ಹೋಗಿ.

ಈಗ 1904 ಎಂಬ ಇಸವಿಯನ್ನು ಇನ್ನೊಮ್ಮೆ ಓದಿ. ಊರು ಹುಟ್ಟಿದ್ದು 1846ರಲ್ಲಿ. ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆಯ ನಮ್ಮವರು ವಾರಾಂತ್ಯಕ್ಕೆ ಹೋಗಿಬಂದು ಹಾಕುವ ಚಿತ್ರಗಳ ಕೆಳಗೆಲ್ಲ ‘ಮೊದಲ ವಲಸಿಗರ ಗುಡಿಸಲು’ ಎಂಬ ಸಾಲು ಇದ್ದೇ ಇರುತ್ತದೆ. ಎಷ್ಟು ಸಲ ತಿದ್ದಿದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಮೊದಲು ಬಂದವರಿಗೂ ಸಂಡೇ ಹೌಸ್‌ಗೂ ನಡುವೆ ಸುಮಾರು ಅರ್ಧ ಶತಮಾನದ ಅಂತರವಿದೆ. ಈ ಮನೆಗಳಲ್ಲಿ ಹೆಚ್ಚಿನವು ಎದ್ದದ್ದು 1890ರ ದಶಕದಿಂದ 1920ರ ಆಸುಪಾಸಿನವರೆಗೆ. ಬಡತನದ ಮಾತಂತೂ ಪೂರ್ತಿ ತಲೆಕೆಳಗು. ಇವು ಎರಡನೇ ಮನೆಗಳು. ಎರಡು ಮನೆ ಇಟ್ಟುಕೊಳ್ಳಬಲ್ಲ ರೈತರು ಕಟ್ಟಿಸಿದವು.

ಬೇರು ಇರುವುದು ಜಮೀನಿನ ಲೆಕ್ಕದಲ್ಲಿ. 1846ರ ಮೇ 8ರಂದು ನ್ಯೂ ಬ್ರೌನ್‌ಫೆಲ್ಸ್‌ನಿಂದ ಹದಿನಾರು ದಿನ ಗಾಡಿ ಪ್ರಯಾಣ ಮಾಡಿ ಸುಮಾರು 120 ಜನ ಇಲ್ಲಿಗೆ ಬಂದರು. ಕರೆತಂದದ್ದು ಅಡೆಲ್ಸ್‌ಫೆರಾಯ್ನ್ ಎಂಬ ಜರ್ಮನ್ ಕುಲೀನರ ಸಂಘ. ಟೆಕ್ಸಸ್‌ನಲ್ಲಿ ಅದರ ಪ್ರತಿನಿಧಿ ಜಾನ್ ಮಾಯ್ಸೆಬಾಖ್. ಒಬ್ಬೊಬ್ಬರಿಗೆ ಊರೊಳಗೆ ಒಂದು ನಿವೇಶನ, ಊರ ಹೊರಗೆ 10 ಎಕರೆ. ಮಳೆ ನೆಚ್ಚಲಾಗದ, ಮಣ್ಣು ತೆಳುವಾದ ಆ ಸುಣ್ಣಕಲ್ಲಿನ ಸೀಮೆಯಲ್ಲಿ 10 ಎಕರೆಯಿಂದ ಸಂಸಾರ ಸಾಗದು. ದನ ಕುರಿ ಮೇಯಿಸಲು ನೂರಾರು ಎಕರೆ ಬೇಕು. ಹೀಗೆ ಕುಟುಂಬಗಳು ಒಂದೊಂದಾಗಿ ಹಳ್ಳಗಳ ಬದಿಯ ದೊಡ್ಡ ಜಮೀನುಗಳಿಗೆ ಹೋಗಿ ನೆಲೆಸಿದವು. ಚರ್ಚು, ಅಂಗಡಿ, ವೈದ್ಯರು ಊರಿನಲ್ಲೇ ಉಳಿದರು.

ಕುದುರೆ ಗಾಡಿ ಗಂಟೆಗೆ ನಾಲ್ಕು ಮೈಲಿ ಹೋದರೆ ಹೆಚ್ಚು. ಹದಿನೈದು ಮೈಲಿ ದೂರದ ಜಮೀನಿನಿಂದ ಊರಿಗೆ ನಾಲ್ಕು ಗಂಟೆ, ವಾಪಸಿಗೆ ಮತ್ತೆ ನಾಲ್ಕು ಗಂಟೆ. ಬೆಳಗಿನ ಪ್ರಾರ್ಥನೆಗೆ ಬಂದು ಅದೇ ದಿನ ದನಕ್ಕೆ ನೀರು ಹುಲ್ಲು ನೋಡಲು ಹಿಂತಿರುಗುವುದು ಹೇಗೆ? ಅದಕ್ಕೇ ಶನಿವಾರ ಬಂದು ಸಾಮಾನು ಕೊಂಡು, ರಾತ್ರಿ ತಂಗಿ, ಭಾನುವಾರ ಚರ್ಚು ಮುಗಿಸಿ ಹೊರಡುವ ರೂಢಿ ಬಂತು. ತಂಗಲೊಂದು ಸೂರು ಬೇಕಿತ್ತು, ಅಷ್ಟೇ. ಕೆಳಗೆ ಒಂದೇ ಕೋಣೆ, ಹಿಂದೆ ಇಳಿಮಾಡಿನಲ್ಲಿ ಅಡುಗೆಮನೆ, ಮುಂದೆ ಕಿರು ಜಗಲಿ, ಮೇಲೆ ಮಕ್ಕಳು ಮಲಗುವ ಅಟ್ಟ. ವಾರಕ್ಕೊಂದು ರಾತ್ರಿ ಕಳೆಯಲು ಇದಕ್ಕಿಂತ ದೊಡ್ಡದು ಯಾಕೆ ಬೇಕು? ಮನೆ ಚಿಕ್ಕದಾಗಿದ್ದುದಕ್ಕೆ ಕಾರಣ ಇಷ್ಟೇ.

ಇನ್ನೂ ನಂಬಿಕೆ ಬರದಿದ್ದರೆ ಗೋಡೆ ನೋಡಿ. ಸಂಡೇ ಹೌಸ್‌ಗಳು ಬಹುಪಾಲು ಮಿಲ್ಲಿನಲ್ಲಿ ಕುಯ್ದ ತೆಳು ಹಲಗೆಯವು, ಮೊಳೆ ಹೊಡೆದು ಜೋಡಿಸಿದವು. ಅಂಥ ಹಲಗೆ ಈ ಕಡೆಗೆ ಹೇರಳವಾಗಿ ಬರಲು ರೈಲು ಬೇಕಿತ್ತು. ರೈಲು ಸ್ಯಾನ್ ಆಂಟೋನಿಯೊ ಮುಟ್ಟಿದ್ದು 1877ರಲ್ಲಿ, ಹತ್ತಿರದ ಕಂಫರ್ಟ್ ಊರಿಗೆ 1887ರಲ್ಲಿ. ಫ್ರೆಡರಿಕ್ಸ್‌ಬರ್ಗ್‌ಗೇ ಬಂದದ್ದು 1913ರಲ್ಲಿ. 1846ರಲ್ಲಿ ಬಂದವರ ಕೈಗೆ ಸಿಕ್ಕಿದ್ದು ಕಾಡಿನ ಓಕ್ ಮರ, ನೆಲದ ಸುಣ್ಣಕಲ್ಲು, ಜೇಡಿಮಣ್ಣು.

ಆ ಮೂರರಿಂದ ಅವರು ಕಟ್ಟಿದ್ದೇ ನೀವು ನಿಜವಾಗಿ ಹುಡುಕಬೇಕಾದ ಮನೆ. ತುರ್ತಿಗೆ ಮರದ ದಿಮ್ಮಿಯ ಗುಡಿಸಲು. ಕೈ ಸ್ವಲ್ಪ ಬಿಡುವಾದ ಮೇಲೆ ತಮ್ಮ ನಾಡಿನಲ್ಲಿ ಕಲಿತು ಬಂದಿದ್ದ ಫಾಕ್‌ವೆರ್ಕ್, ಅಂದರೆ ಮರದ ಚೌಕಟ್ಟಿನ ಮನೆ. ಅಡಿಯಲ್ಲಿ ದಪ್ಪ ತೊಲೆ, ಅದರ ಮೇಲೆ ಕಂಬಗಳು, ಚೌಕಟ್ಟು ವಾಲದಂತೆ ಮೂಲೆಗಳಲ್ಲಿ ಓರೆ ತೊಲೆಗಳು. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಗೆ ಕೂರಿಸಿ, ಎರಡಕ್ಕೂ ಸೇರಿಸಿ ಅಡ್ಡ ತೂತು ಹಾಕಿ ಮರದ ಗೂಟ ಬಡಿಯುತ್ತಿದ್ದರು. ಭಾರವೆಲ್ಲ ಮರದ ಮೇಲೆ. ನಡುವಿನ ಖಾಲಿ ಜಾಗವನ್ನು ಜರ್ಮನಿಯಲ್ಲಿ ಸಾಮಾನ್ಯವಾಗಿ ಕಡ್ಡಿ ಹೆಣೆದು ಮಣ್ಣು ಮೆತ್ತಿ, ಇಲ್ಲವೇ ಇಟ್ಟಿಗೆಯಿಂದ ತುಂಬುತ್ತಿದ್ದರು; ಇಲ್ಲಿ ಒಡೆದ ಸುಣ್ಣಕಲ್ಲು ಇಲ್ಲವೇ ಹಸಿ ಇಟ್ಟಿಗೆ ತುಂಬಿ ಗಾರೆ ಬಳಿದರು. ಮ್ಯೂಸಿಯಂ ಆವರಣದಲ್ಲೇ ಇರುವ ಕಾಮ್ಲಾ ಕುಟುಂಬದ ಮನೆಯ ಹಳೆಯ ಭಾಗ ಇಂಥದ್ದು. ಕಲ್ಲು ಕೈಗೆ ಒಗ್ಗಿದ ಮೇಲೆ ಮರದ ಚೌಕಟ್ಟನ್ನೇ ಬಿಟ್ಟು ಪೂರ್ತಿ ಕಲ್ಲಿನ ಮನೆಗಳಿಗೆ ಹೋದರು. ದಿಮ್ಮಿ, ಫಾಕ್‌ವೆರ್ಕ್, ಕಲ್ಲು, ಕೊನೆಗೆ ಹಲಗೆಯ ಸಂಡೇ ಹೌಸ್: ಒಂದೇ ಆವರಣದಲ್ಲಿ ಈ ಕ್ರಮದಲ್ಲಿ ನಡೆಯಿರಿ, ಇಡೀ ಕಥೆ ಕಣ್ಣೆದುರು ಬರುತ್ತದೆ.

ಗುರುತು ಹಿಡಿಯುವಾಗ ಜನ ತಪ್ಪುವುದು ಒಂದೇ ಕಡೆ. ಅಟ್ಟಕ್ಕೆ ಹೊರಗಿನಿಂದ ಮೆಟ್ಟಿಲು ಕಂಡರೆ ಸಾಕು, ‘ಸಂಡೇ ಹೌಸ್’ ಎಂದುಬಿಡುತ್ತಾರೆ. ಹೊರಮೆಟ್ಟಿಲು ಈ ಊರಿನ ಸಾಮಾನ್ಯ ರೂಢಿ. ಒಳಗಿನ ಜಾಗ ಉಳಿಯುತ್ತದೆ ಎಂದು ವರ್ಷವಿಡೀ ವಾಸವಿದ್ದ ಕಲ್ಲಿನ ಮನೆಗಳಿಗೂ ಹಾಕುತ್ತಿದ್ದರು. ಮೆಟ್ಟಿಲನ್ನು ಮಾತ್ರ ನೋಡಬೇಡಿ. ಗೋಡೆ ಹಲಗೆಯದೇ, ಮೂಲ ಮನೆ ಒಂದೆರಡು ಕೋಣೆಗೆ ಮುಗಿಯುತ್ತದೆಯೇ, ಚರ್ಚು ನಡೆದು ಹೋಗುವಷ್ಟು ಹತ್ತಿರವಿದೆಯೇ ಎಂದು ಸೇರಿಸಿ ನೋಡಿ. ಹಿಂದೆ ಮುಂದೆ ಕೋಣೆ ಸೇರಿಸಿ ದೊಡ್ಡದಾಗಿಸಿದ್ದರೂ ಅದು ಸಂಡೇ ಹೌಸ್ ಆಗಿದ್ದಿರಬಹುದು. ಮಗನಿಗೆ ಜಮೀನು ಒಪ್ಪಿಸಿದ ಹಿರಿಯರು ಎಷ್ಟೋ ಸಲ ಇಲ್ಲಿಗೇ ಬಂದು ಕಾಯಂ ನೆಲೆಸುತ್ತಿದ್ದರು. ಕಾರು, ಒಳ್ಳೆಯ ರಸ್ತೆ ಬಂದ ಮೇಲೆ ಶನಿವಾರ ತಂಗುವ ಅಗತ್ಯವೇ ಹೋಯಿತು.

ಕಲ್ಲಿನ ಮನೆಗಳ ಮುಂದೆ ನಿಂತಾಗ ಸಂದುಗಳನ್ನೂ ಗಮನಿಸಿ. ಹಳೆಯ ಗಾರೆ ಸುಣ್ಣದ್ದು, ಮೃದು. ಕಲ್ಲು ಹೀರಿದ ತೇವ ಆ ಸಂದಿನ ಮೂಲಕ ಆರಿಹೋಗುತ್ತದೆ. ಸಂದು ಉದುರಿದೆ ಎಂದು ಸಿಮೆಂಟು ತುಂಬಿದರೆ ತೇವಕ್ಕೆ ಆ ದಾರಿ ಮುಚ್ಚಿ, ಅದು ಕಲ್ಲಿನ ಮೂಲಕವೇ ಹೊರಡುತ್ತದೆ. ಕೆಲವು ವರ್ಷಗಳಲ್ಲಿ ಕಲ್ಲಿನ ಮುಖ ಪದರ ಪದರವಾಗಿ ಏಳುತ್ತದೆ, ಸಿಮೆಂಟಿನ ಗೆರೆ ಮಾತ್ರ ಗಟ್ಟಿಯಾಗಿ ಮುಂದೆ ಚಾಚಿ ನಿಲ್ಲುತ್ತದೆ. ಗಾರೆ ಯಾವತ್ತೂ ಕಲ್ಲಿಗಿಂತ ಮೃದುವಾಗಿರಬೇಕು. ನಮ್ಮೂರಿನ ಹಳೆಯ ಗಾರೆ ಗೋಡೆಗಳಿಗೂ ಇದೇ ಮಾತು.

ಇಸವಿಯ ಮಾತು ಬಂದದ್ದರಿಂದ, ಯಾರೂ ಕೇಳದ ಇನ್ನೊಂದು ವಿಷಯ. ಮಾರ್ಕ್ಟ್‌ಪ್ಲಾಟ್ಸ್ ಚೌಕದಲ್ಲಿರುವ ಎಂಟು ಮೂಲೆಯ ಫೆರಾಯ್ನ್ಸ್ ಕಿರ್ಖೆಯನ್ನು (ಅಂದರೆ ‘ಸಂಘದ ಚರ್ಚು’) 1847ರ ಕಟ್ಟಡ ಎಂದುಕೊಳ್ಳಬೇಡಿ. 1847ರಲ್ಲಿ ಕಟ್ಟಿದ್ದು ನಿಜ; ಎಲ್ಲ ಪಂಥಗಳಿಗೂ ಚರ್ಚಾಗಿ, ಶಾಲೆಯಾಗಿ, ಸಭಾಮಂದಿರವಾಗಿ ಬಳಕೆಯಾಯಿತು. ಆಕಾರ ನೋಡಿ ಜನ ಅದನ್ನು ‘ಕಾಫಿ ಬೀಸುವ ಯಂತ್ರ’ ಎಂದು ಕರೆದರು. ಅದು ನಿಂತಿದ್ದದ್ದು ಮುಖ್ಯರಸ್ತೆಯ ನಡುಮಧ್ಯೆ. ಊರಿಗೆ ಐವತ್ತು ವರ್ಷ ತುಂಬಿದ ಮರುವರ್ಷ, 1897ರಲ್ಲಿ, ಕೆಡವಿದರು. ಈಗ ಕಾಣುವುದು 1930ರ ದಶಕದ ಪ್ರತಿರೂಪ.

ಅಲ್ಲಿಂದ ಮೇನ್ ಸ್ಟ್ರೀಟ್‌ನಲ್ಲಿ ಪೂರ್ವಕ್ಕೆ ನಡೆದರೆ ಅಡ್ಡ ಬೀದಿಗಳು ಈ ಕ್ರಮದಲ್ಲಿ ಬರುತ್ತವೆ: ಆಡಮ್ಸ್, ಲಾನೊ, ಲಿಂಕನ್, ವಾಷಿಂಗ್ಟನ್, ಎಲ್ಕ್, ಲೀ, ಕೊಲಂಬಸ್, ಆಲಿವ್, ಮೆಸ್ಕೀಟ್, ಈಗಲ್. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ‘ಆಲ್ ವೆಲ್‌ಕಮ್’. ಪಶ್ಚಿಮಕ್ಕೆ ಕ್ರಾಕೆಟ್, ಆರೆಂಜ್, ಮೈಲಮ್, ಎಡಿಸನ್, ಬೋವಿ, ಏಕಾರ್ನ್, ಚೆರಿ, ಕೇ: ‘ಕಮ್ ಬ್ಯಾಕ್’. ಮಕ್ಕಳಿಂದ ಓದಿಸಿ, ಖುಷಿಪಡುತ್ತಾರೆ. ಆದರೆ ಇದನ್ನೂ ಮೊದಲು ಬಂದವರ ಲೆಕ್ಕಕ್ಕೆ ಸೇರಿಸಬೇಡಿ. ಅವರು ಬಂದದ್ದು 1846ರಲ್ಲಿ, ಎಡಿಸನ್ ಹುಟ್ಟಿದ್ದು 1847ರಲ್ಲಿ.