ಇಂಜಿನಿಯರಿಂಗ್ ಓದದವರಿಗೆ ಇಸಿಜಿ ಸಂಕೇತದ ಪಾಠ

ಓದುಗರ ಪ್ರಶ್ನೆ: ನರ್ಸಿಂಗ್ ಮತ್ತು ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಜೈವಿಕ ಸಂಕೇತಗಳ ಸಂಸ್ಕರಣೆಯನ್ನು ಕಲಿಸಬೇಕಾಗಿದೆ. ಸಂಕೇತವನ್ನು ನಿಧಾನ-ವೇಗದ ಏರಿಳಿತಗಳಾಗಿ ಬಿಡಿಸುವ ಫೂರಿಯೆ ಸೂತ್ರಗಳಿಲ್ಲದೆ ಇದು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಸೂತ್ರಗಳನ್ನು ಪೂರ್ತಿ ಕೈಬಿಡಬೇಕಾಗಿಲ್ಲ, ಅವುಗಳ ಸರದಿಯನ್ನು ಹಿಂದಕ್ಕೆ ಹಾಕಿದರೆ ಸಾಕು. ಮೊದಲ ದಿನ ಪ್ರತಿಯೊಬ್ಬರ ಕೈಗೂ ಒಂದು ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ಪಟ್ಟಿಯನ್ನು ಕೊಡಿ. ಕಾಗದವು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸಾಗಿದ್ದರೆ ಒಂದು ದೊಡ್ಡ ಚೌಕವೆಂದರೆ 0.2 ಸೆಕೆಂಡು ಎಂದು ತಿಳಿದವರು, ಎರಡು ಆರ್ ಅಲೆಗಳ (ಪ್ರತಿ ಬಡಿತದ ಎತ್ತರದ ಶಿಖರಗಳ) ನಡುವೆ ನಾಲ್ಕು ದೊಡ್ಡ ಚೌಕಗಳನ್ನು ಎಣಿಸಿ ಹೃದಯ ಬಡಿತ ನಿಮಿಷಕ್ಕೆ 75 ಎಂದು ತಾವೇ ಹೇಳುತ್ತಾರೆ.

ಸ್ಯಾಂಪ್ಲಿಂಗ್ ಅನ್ನು, ಅಂದರೆ ಸಂಕೇತವನ್ನು ಸಮ ಅಂತರದಲ್ಲಿ ಅಳೆದು ಬಿಂದುಗಳಾಗಿಸುವುದನ್ನು, ಕಣ್ಣಿಗೇ ಕಾಣಿಸಬಹುದು. ಎಲ್ಲರಿಗೂ ಮುಕ್ತವಾಗಿ ಸಿಗುವ ಎಂಐಟಿ-ಬಿಐಎಚ್ ಅರಿದ್ಮಿಯಾ (ಹೃದಯ ಬಡಿತದ ಲಯದೋಷ) ಇಸಿಜಿ ಸಂಗ್ರಹದ ದಾಖಲೆಗಳಲ್ಲಿ ಸೆಕೆಂಡಿಗೆ 360 ಬಿಂದುಗಳಿವೆ. ಹದಿನೆಂಟಕ್ಕೊಂದರಂತೆ ಉಳಿಸಿಕೊಂಡರೆ ಸೆಕೆಂಡಿಗೆ 20 ಬಿಂದುಗಳಾಗುತ್ತವೆ, ಆರ್ ಶಿಖರವಿರುವ, ಸುಮಾರು 0.1 ಸೆಕೆಂಡಿನ ಕ್ಯೂಆರ್‌ಎಸ್ ಭಾಗಕ್ಕೆ ಸಿಗುವುದು ಎರಡೇ ಬಿಂದು, ಶಿಖರದ ಎತ್ತರ ಬಡಿತದಿಂದ ಬಡಿತಕ್ಕೆ ಸುಮ್ಮಸುಮ್ಮನೆ ಬದಲಾಗತೊಡಗುತ್ತದೆ.

ಹೆಚ್ಚು ಸಮಯವನ್ನು ಮೀಸಲಿಡಬೇಕಾದದ್ದು ಬೇಡದ ಏರಿಳಿತಗಳನ್ನು ತಗ್ಗಿಸುವ ಫಿಲ್ಟರ್‌ಗೆ. ಉಸಿರಾಟದೊಂದಿಗೆ ಇಸಿಜಿಯ ತಳರೇಖೆ ನಿಧಾನವಾಗಿ ಏರಿಳಿಯುತ್ತದೆ. ಅದನ್ನು ನೇರಗೊಳಿಸಲು ಮಾನಿಟರ್‌ಗಳು ಸಾಮಾನ್ಯವಾಗಿ 0.5 ಹರ್ಟ್ಸ್‌ಗಿಂತ (ಎರಡು ಸೆಕೆಂಡಿಗೊಂದು ಏರಿಳಿತ) ನಿಧಾನವಾದದ್ದನ್ನು ತಗ್ಗಿಸುತ್ತವೆ. ರೋಗನಿರ್ಣಯಕ್ಕಾಗಿ ತೆಗೆಯುವ ಇಸಿಜಿಯಲ್ಲಾದರೋ ಈ ಮಿತಿ ಸಾಂಪ್ರದಾಯಿಕವಾಗಿ 0.05 ಹರ್ಟ್ಸ್. ಹತ್ತುಪಟ್ಟು ವ್ಯತ್ಯಾಸ ಏಕೆಂದು ತರಗತಿಯನ್ನೇ ಕೇಳಿ. ಕ್ಯೂಆರ್‌ಎಸ್ ಆದ ಮೇಲೆ ಬರುವ ಎಸ್‌ಟಿ ಭಾಗವೂ ನಿಧಾನಗತಿಯದೇ ಆದ್ದರಿಂದ, ತಳರೇಖೆಯನ್ನು ನೇರಗೊಳಿಸುವ ಫಿಲ್ಟರ್ ಅದನ್ನೂ ಎಳೆದು, ಹೃದಯಕ್ಕೆ ರಕ್ತದ ಕೊರತೆಯಾಗಿರುವಂತೆ ತೋರುವ ಹುಸಿ ಬದಲಾವಣೆಯನ್ನು ಮೂಡಿಸಬಲ್ಲದು. ಎಸ್‌ಟಿ ಬದಲಾದರೆ ರೋಗಿಗೆ ಏನಾಗಿರಬಹುದೆಂದು ಓದಿಕೊಂಡಿರುವ ನರ್ಸಿಂಗ್ ವಿದ್ಯಾರ್ಥಿಗೆ ಈ ಅಪಾಯ ಥಟ್ಟನೆ ಅರ್ಥವಾಗುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿಗಳ ದೊಡ್ಡ ಬಲವೇ ಇದು. ಅವರನ್ನು ಗಣಿತ ಬಾರದವರೆಂದು ಮಾತ್ರ ನೋಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಫೂರಿಯೆಗೆ ಜಾಗ ಸಿಗುವುದು ಇದಾದ ಮೇಲೆ. ವಿದ್ಯುತ್ ತಂತಿಗಳಿಂದ ಬಂದ ಗದ್ದಲ ಬೆರೆತ ದಾಖಲೆಯ ಆವೃತ್ತಿ ಚಿತ್ರವನ್ನು (ಎಷ್ಟು ಹರ್ಟ್ಸ್‌ನ ಏರಿಳಿತ ಎಷ್ಟಿದೆ ಎಂಬ ಚಿತ್ರ) ತೋರಿಸಿದಾಗ, 50 ಅಥವಾ 60 ಹರ್ಟ್ಸ್ ಬಳಿ ಒಂದು ಚೂಪಾದ ಗೆರೆ ಒಂಟಿಯಾಗಿ ನಿಂತಿರುತ್ತದೆ. ಈ ಗೆರೆಯನ್ನು ಕಂಪ್ಯೂಟರ್ ಹೇಗೆ ಕಂಡುಹಿಡಿಯಿತು ಎಂದು ಯಾರಾದರೂ ಕೇಳಿದ ಕ್ಷಣವೇ ಸೂತ್ರವನ್ನು ಬರೆಯಲು ತಕ್ಕ ಸಮಯ. ಪ್ರೋಗ್ರಾಮನ್ನು ನೀವೇ ಬರೆದುಕೊಡಿ; ಅವರು ಅದರಲ್ಲಿ ಒಂದೊಂದೇ ಸಂಖ್ಯೆಯನ್ನು ಬದಲಿಸಿ ಫಲಿತಾಂಶವನ್ನು ನೋಡಲಿ.

ಪರೀಕ್ಷೆಯಲ್ಲಿಯೂ ಸೂತ್ರದ ನಿರೂಪಣೆ ಬೇಡ. ಒಂದೇ ಇಸಿಜಿಯನ್ನು ಎರಡು ಬಗೆಯಲ್ಲಿ ಫಿಲ್ಟರ್ ಮಾಡಿ ಕೊಟ್ಟು, ಯಾವುದರಲ್ಲಿ ಏನು ಕಳೆದುಹೋಗಿದೆ, ಎಸ್‌ಟಿ ಭಾಗವನ್ನು ಓದಲು ಯಾವುದನ್ನು ನಂಬಬಹುದು ಎಂದು ಕೇಳಿ.