ವಾಸನೆ ಬಂತು ಅಂತ ಮುಚ್ಚಳ ಬಿಗಿ ಮಾಡಬೇಡಿ

ಮನೆಯಲ್ಲೇ ಗೊಬ್ಬರ ಮಾಡಲು ಹೊರಟವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ‘ಡಬ್ಬ ಗಬ್ಬು ನಾರ್ತಿದೆ.’ ಏನು ಮಾಡಿದಿರಿ ಎಂದರೆ, ಮುಚ್ಚಳ ಬಿಗಿಯಾಗಿ ಹಾಕಿದ್ದೇವೆ ಎನ್ನುತ್ತಾರೆ. ಕೆಲವರು ಡಬ್ಬದ ತೂತುಗಳಿಗೂ ಟೇಪ್ ಅಂಟಿಸಿರುತ್ತಾರೆ. ಎಷ್ಟು ಸಲ ಹೇಳಿದರೂ ಇದೇ ಕಥೆ!

ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಗಾಳಿ ಆಡುತ್ತಿದ್ದರೆ ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಗಾಳಿ ನಿಂತಿತೋ, ಅವು ಸೊರಗಿ, ಗಾಳಿ ಬೇಡದ ಇನ್ನೊಂದು ಗುಂಪು ಕೆಲಸ ಶುರು ಮಾಡುತ್ತದೆ. ಕೊಳೆತ ಮೊಟ್ಟೆಯಂಥ ನಾತ ಬರುವುದು ಆಗ. ಅಂದರೆ, ನೀವು ಮುಚ್ಚಳ ಬಿಗಿ ಮಾಡಿದಷ್ಟೂ ನಾತ ಜಾಸ್ತಿ.

ಮುಚ್ಚಳ ತೆಗೆದಿಟ್ಟರೆ ಸಾಕೇ? ಸಾಲದು. ಅಡುಗೆಮನೆಯ ಹಸಿ ಕಸದಲ್ಲಿ ಬಹುಪಾಲು ನೀರೇ. ಕೊಳೆಯುತ್ತಾ ನೀರು ಬಿಟ್ಟುಕೊಂಡು, ಕುಸಿದು, ಒಳಗಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಒಣ ಎಲೆ ಬೇಕಿರುವುದು ಇಲ್ಲಿ. ಅದು ನೀರು ಹೀರುತ್ತದೆ, ಗಾಳಿಗೆ ಸಂದು ಉಳಿಸುತ್ತದೆ, ಇಂಗಾಲವನ್ನೂ ಕೊಡುತ್ತದೆ. ಒಟ್ಟು ರಾಶಿಯಲ್ಲಿ ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ಲೆಕ್ಕ ಹಾಕುತ್ತಾ ಕೂರಬೇಡಿ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣ ಎಲೆ, ಅಥವಾ ಹರಿದ ರಟ್ಟು. ಎಲೆ ಪುಡಿಯಾಗಿದ್ದರೆ ಸ್ವಲ್ಪ ಕಡಿಮೆ ಸಾಕಾಗಬಹುದು. ಮೇಲೆ ಸುಮ್ನೆ ಒಂದು ಹಿಡಿ ಉದುರಿಸಿದರೆ ಆಗದು, ಒಳಗೆ ಬೆರೆಯಬೇಕು.

ಹಿರಿಯರೊಬ್ಬರು ಹೀಗೇ ಬೇಸತ್ತು, ಎಲ್ಲ ಚೆಲ್ಲಿಬಿಡುತ್ತೇನೆ ಎಂದಿದ್ದರು. ಅವರ ಡಬ್ಬಕ್ಕೆ ಕೋಲು ಇಳಿಸಿ ನೋಡಿದೆ. ಮೇಲೆ ಗರಿಗರಿ ಎಲೆ, ಅಡಿಯಲ್ಲಿ ಕಪ್ಪು ಲೋಳೆ. ಎಲ್ಲ ಹೊರಗೆ ಸುರಿದು, ರಟ್ಟಿನ ಚೂರು, ಎಲೆ ಕಲಸಿ ಮತ್ತೆ ತುಂಬಿದೆವು. ಕೆಲವು ದಿನ ಬಿಟ್ಟು ಗಾಬರಿಯಿಂದ ಫೋನ್ ಮಾಡಿದರು: ‘ಒಳಗೆ ಕೈಯಿಟ್ಟರೆ ಬಿಸಿ ತಾಗ್ತಿದೆ, ಕೆಟ್ಟೋಯ್ತಾ ಮೇಡಂ?’ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಆ ಬಿಸಿ ಜೀವಿಗಳು ಚೆನ್ನಾಗಿ ಉಂಡು ದುಡಿಯುತ್ತಿರುವುದರ ಗುರುತು.

ಸಣ್ಣ ಡಬ್ಬದಲ್ಲಿ ಇಷ್ಟು ಬಿಸಿ ಕಾಣದಿದ್ದರೂ ಚಿಂತೆ ಬೇಡ, ನಿಧಾನವಾಗಿ ಗೊಬ್ಬರ ಆಗುತ್ತದೆ. ಆದರೆ ರೋಗ ಬಂದ ಗಿಡ, ನಾಯಿ-ಬೆಕ್ಕಿನ ಹೇಲನ್ನು ಅದಕ್ಕೆ ಹಾಕಬೇಡಿ. ರೋಗಾಣು ಸಾಯುವಷ್ಟು ಶಾಖ ಅಲ್ಲಿ ಸಿಗುತ್ತದೆಂದು ನಂಬುವಂತಿಲ್ಲ.

ನಾತ ಬಂದರೆ ಮೊದಲು ತಳದಿಂದ ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಹದ ಸರಿಯಿದೆ, ಬರೀ ಕೆದಕಿ ಗಾಳಿಯಾಡಿಸಿ. ನೀರು ಧಾರೆಯಾಗಿ ಸುರಿದರೆ ಒಣ ಎಲೆ ಬೆರೆಸಿ, ತಳದ ತೂತು ಕಟ್ಟಿಕೊಂಡಿದೆಯಾ ನೋಡಿ.