ನಾಸಾಗೂ ಎಫ್‌ಬಿಐಗೂ ಒಂದೇ ಬಿಲ್ ಯಾಕೆ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ಅವಳ ಲ್ಯಾಬ್‌ಗೆ ದುಡ್ಡು ಬರೋದು ಎನ್‌ಎಸ್‌ಎಫ್‌ನಿಂದ, ಅಂದರೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ. ಆ ದುಡ್ಡು, ನಾಸಾ ದುಡ್ಡು, ಎಫ್‌ಬಿಐ ದುಡ್ಡು, ಜೈಲುಗಳ ದುಡ್ಡು ಎಲ್ಲಾ ಒಂದೇ ಬಿಲ್‌ನಲ್ಲಿ ಪಾಸಾಗುತ್ತೆ ಅಂತಾಳೆ. ವಿಜ್ಞಾನಕ್ಕೂ ಪೊಲೀಸರಿಗೂ ಏನು ಸಂಬಂಧ?

ಉತ್ತರ: ಸಂಬಂಧ ಏನೂ ಇಲ್ಲ. ಇವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾರೆ, ಅಷ್ಟೇ. ಯಾರು ಕೂರಿಸಿದರು ಅನ್ನೋದರಲ್ಲಿ ಕತೆ ಇದೆ.

ಅಮೆರಿಕದ ಖಜಾನೆಯಿಂದ ಒಂದು ಡಾಲರ್ ಹೊರಬರಬೇಕಾದರೂ ಕಾಂಗ್ರೆಸ್ ಮಾಡಿದ ಕಾನೂನು ಬೇಕು. ಅವರ ಸಂವಿಧಾನದ ಮೊದಲ ವಿಧಿಯಲ್ಲೇ ಈ ಮಾತಿದೆ. (ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷವಲ್ಲ, ಅವರ ಸಂಸತ್ತು.) ಪಿಂಚಣಿ, ವೃದ್ಧರ ಆರೋಗ್ಯ ವಿಮೆಯಂಥ ದೊಡ್ಡ ಖರ್ಚುಗಳು ಹಳೆಯ ಕಾನೂನುಗಳ ಮೇಲೆ ತಾವಾಗಿಯೇ ನಡೆಯುತ್ತವೆ. ಉಳಿದ ಕಾಲು ಭಾಗದಷ್ಟು ಖರ್ಚಿಗೆ ಪ್ರತಿವರ್ಷ ಹೊಸದಾಗಿ ಒಪ್ಪಿಗೆ ಬೇಕು. ಅದಕ್ಕೆ ಹನ್ನೆರಡು ಧನವಿನಿಯೋಗ ಮಸೂದೆಗಳಿವೆ. ಅದರಲ್ಲೊಂದು ವಾಣಿಜ್ಯ, ನ್ಯಾಯ (ಎಫ್‌ಬಿಐ, ಜೈಲುಗಳು ಇದರಲ್ಲಿ) ಮತ್ತು ವಿಜ್ಞಾನದ್ದು. ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಲ್ಲರ ಬಾಯಲ್ಲೂ ಅದು ಸಿಜೆಎಸ್.

ನಮ್ಮಲ್ಲಿ ಹಣಕಾಸು ಸಚಿವರು ಓದಿದ ಬಜೆಟ್ ಹೆಚ್ಚುಕಮ್ಮಿ ಹಾಗೇ ಪಾಸಾಗುತ್ತದೆ. ಸೋತರೆ ಸರ್ಕಾರವೇ ಬೀಳುತ್ತೆ, ಅಲ್ವಾ? ಅಲ್ಲಿ ಹಾಗಲ್ಲ. ಅಧ್ಯಕ್ಷರು ಕಳಿಸುವ ಬಜೆಟ್ ಬರೀ ಒಂದು ಕೋರಿಕೆ. ಎರಡೂ ಸದನಗಳಲ್ಲಿ ಹನ್ನೆರಡು ಉಪಸಮಿತಿಗಳಿವೆ, ಬಿಲ್ಲಿಗೊಂದರಂತೆ. ಮೊದಲು ಇಡೀ ಮೊತ್ತ ನಿಗದಿಯಾಗುತ್ತದೆ, ಆಮೇಲೆ ಅದನ್ನು ಈ ಹನ್ನೆರಡಕ್ಕೂ ಪಾಲು ಮಾಡುತ್ತಾರೆ. ಒಮ್ಮೆ ಪಾಲು ಆಯಿತು ಅಂದರೆ ಸಿಜೆಎಸ್ ಪಾತ್ರೆಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಎಲ್ಲರಿಗೂ ಬಡಿಸಬೇಕು. ಎಫ್‌ಬಿಐಗೆ ಒಂದು ಸೌಟು ಜಾಸ್ತಿ ಹಾಕಿದರೆ ನಾಸಾಗೋ ಹವಾಮಾನ ಇಲಾಖೆಗೋ ಒಂದು ಸೌಟು ಕಮ್ಮಿ. ಹವಾಮಾನ ಇಲಾಖೆ ಇಲ್ಲೆಲ್ಲಿಂದ ಬಂತು ಅಂತೀರಾ? ಅಲ್ಲಿ ಅದು ವಾಣಿಜ್ಯ ಇಲಾಖೆಯ ಕೆಳಗೆ ಬರುತ್ತದೆ. ಜನಗಣತಿಯೂ ಅಲ್ಲೇ. ಅದಕ್ಕೇ ಹತ್ತು ವರ್ಷಕ್ಕೊಮ್ಮೆ ಜನಗಣತಿ ಬಂದಾಗ ಈ ಪಂಕ್ತಿಯಲ್ಲಿ ನೂಕುನುಗ್ಗಲು.

ಈಗ ಕೂರಿಸಿದವರ ಕತೆ. 2005ಕ್ಕೆ ಮೊದಲು ನಾಸಾ, ಎನ್‌ಎಸ್‌ಎಫ್ ಬೇರೆ ಬಿಲ್‌ನಲ್ಲಿದ್ದವು. ಜೊತೆಗಿದ್ದದ್ದು ಮಾಜಿ ಸೈನಿಕರ ಆಸ್ಪತ್ರೆಗಳು ಮತ್ತು ಬಡವರ ವಸತಿ ಯೋಜನೆಗಳು. ಮಾಜಿ ಸೈನಿಕರ ಔಷಧಿಯೋ ರಾಕೆಟ್ಟೋ ಅಂದರೆ ಯಾವ ರಾಜಕಾರಣಿ ರಾಕೆಟ್ ಕಡೆ ಕೈಯೆತ್ತುತ್ತಾನೆ? 2005ರಲ್ಲಿ ಕೆಳಮನೆಯ ಬಹುಮತ ಪಕ್ಷದ ನಾಯಕ ಟಾಮ್ ಡಿಲೇ ಉಪಸಮಿತಿಗಳನ್ನೇ ಹೊಸದಾಗಿ ಹಂಚಿಸಿದರು. ನಾಸಾ ಅಲ್ಲಿಂದ ಎದ್ದು ಇಲ್ಲಿಗೆ ಬಂತು. ಡಿಲೇ ಹ್ಯೂಸ್ಟನ್ ಕಡೆಯವರು, ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್ ಇರುವುದೂ ಹ್ಯೂಸ್ಟನ್‌ನಲ್ಲಿ. 2007ರ ಹೊತ್ತಿಗೆ ಎರಡೂ ಸದನಗಳಲ್ಲಿ ಸಿಜೆಎಸ್ ಈಗಿನ ರೂಪಕ್ಕೆ ಬಂತು.

ನನ್ನನ್ನು ಕೇಳಿದರೆ ಮೊತ್ತಕ್ಕಿಂತ ಅದರ ಪಕ್ಕದ ಸಣ್ಣ ಸಾಲುಗಳನ್ನು ಓದಬೇಕು. 2024ನೇ ವರ್ಷದ ಕಾನೂನಿನಲ್ಲಿ ನಾಸಾಗೆ ಒಟ್ಟು ಸುಮಾರು 2,487 ಕೋಟಿ ಡಾಲರ್. ಅದರೊಳಗೆ ವಿಜ್ಞಾನ ಅನ್ನುವ ಲೆಕ್ಕಕ್ಕೆ 733 ಕೋಟಿ 42 ಲಕ್ಷ ಡಾಲರ್. ಜೊತೆಗೇ ಇದನ್ನು 2025ರ ಸೆಪ್ಟೆಂಬರ್ 30ರ ತನಕ ಬಳಸಬಹುದು ಅಂತ ವಾಯಿದೆ. ಇನ್ನು ಕೆಲವು ಸಾಲುಗಳಲ್ಲಿ ದುಡ್ಡೇ ಇರುವುದಿಲ್ಲ, ಬರೀ ಷರತ್ತು. ಚೀನಾದ ಸರ್ಕಾರದ ಜೊತೆ ನೇರ ಸಹಕಾರಕ್ಕೆ ನಾಸಾ ಈ ದುಡ್ಡನ್ನು ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ ಅನ್ನುವ ಷರತ್ತು 2011ರಿಂದ ವರ್ಷವರ್ಷವೂ ಇದೆ. ಸೇರಿಸಿದವರು ಆಗ ಉಪಸಮಿತಿಯ ಅಧ್ಯಕ್ಷರಾಗಿದ್ದ ಫ್ರಾಂಕ್ ವುಲ್ಫ್. ಅದೇ ಉಪಸಮಿತಿಯ ಮುಂದಿನ ಅಧ್ಯಕ್ಷ ಜಾನ್ ಕಲ್ಬರ್ಸನ್‌ಗೆ ಗುರು ಗ್ರಹದ ಚಂದ್ರ ಯೂರೋಪಾ ಮೇಲೆ ಭಾರೀ ಒಲವು. ಅಲ್ಲಿಗೆ ಹೋಗುವ ನೌಕೆಗೆ ನಾಸಾ ಕೇಳಿದ್ದಕ್ಕಿಂತ ಜಾಸ್ತಿ ದುಡ್ಡು ಹಾಕಿಸಿದರು, ಅದು ಯಾವ ರಾಕೆಟ್‌ನಲ್ಲಿ ಹಾರಬೇಕು ಅಂತಲೂ ಕಾನೂನಿನಲ್ಲೇ ಬರೆಸಿದರು. ಅವರು ಚುನಾವಣೆಯಲ್ಲಿ ಸೋತ ಮೇಲೆ ರಾಕೆಟ್ ಷರತ್ತು ಸಡಿಲವಾಯಿತು. ನೌಕೆ ಬೇರೆ ರಾಕೆಟ್ ಹತ್ತಿ 2024ರ ಅಕ್ಟೋಬರ್‌ನಲ್ಲಿ ಹೊರಟಿತು.

ಇನ್ನು ನಿಮ್ಮ ಮಗಳ ವಿಷಯ. ಅಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಹನ್ನೆರಡೂ ಬಿಲ್ ಪಾಸಾಗುವುದು ಬಲು ಅಪರೂಪ. ಆಗ ‘ಸಿಆರ್’ ಅಂತ ಒಂದು ತಾತ್ಕಾಲಿಕ ಏರ್ಪಾಟು ಮಾಡುತ್ತಾರೆ, ಹೆಚ್ಚುಕಮ್ಮಿ ನಮ್ಮ ಲೇಖಾನುದಾನದ ಹಾಗೆ. ಹಳೆಯ ಮೊತ್ತವೇ ಮುಂದುವರಿಯುತ್ತದೆ, ಹೊಸ ಯೋಜನೆ ಶುರು ಮಾಡುವಂತಿಲ್ಲ. ಅದೂ ಆಗದಿದ್ದರೆ ಶಟ್‌ಡೌನ್, ಅಂದರೆ ದುಡ್ಡಿಲ್ಲದೆ ಸರ್ಕಾರಿ ಕೆಲಸ ನಿಲ್ಲುವುದು. ಆಗ ಎಫ್‌ಬಿಐ ಏಜೆಂಟರು, ಜೈಲು ಸಿಬ್ಬಂದಿ, ಹವಾಮಾನ ಮುನ್ಸೂಚನೆ ಕೊಡುವವರು ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು, ಬಾಕಿ ಆಮೇಲೆ. ನಾಸಾದ ಬಹುಪಾಲು ನೌಕರರು ಮನೆಗೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಶಟ್‌ಡೌನ್ 35 ದಿನ ನಡೆಯಿತು. 2025ರ ಅಕ್ಟೋಬರ್‌ನದು 43 ದಿನ.

ಆ 43 ದಿನಗಳ ಶಟ್‌ಡೌನ್‌ಗೆ ಮೊದಲೇ ಒಂದು ದೊಡ್ಡ ಆತಂಕವೂ ಇತ್ತು. 2026ನೇ ವರ್ಷಕ್ಕೆ ಎನ್‌ಎಸ್‌ಎಫ್ ಪಾಲನ್ನು ಸುಮಾರು 900 ಕೋಟಿ ಡಾಲರ್‌ನಿಂದ 390 ಕೋಟಿಗೆ ಇಳಿಸಿ ಅಂತ ಶ್ವೇತಭವನ ಕೇಳಿತ್ತು. ನಾಸಾಗೆ 1,880 ಕೋಟಿ ಸಾಕು ಅಂದಿತ್ತು. ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರು ಕಂಗಾಲಾಗಿದ್ದು ಆಗಲೇ. ಆದರೆ 2026ರ ಜನವರಿಯಲ್ಲಿ ಪಾಸಾದ ಸಿಜೆಎಸ್ ಬಿಲ್‌ನಲ್ಲಿ ಎನ್‌ಎಸ್‌ಎಫ್‌ಗೆ ಸುಮಾರು 875 ಕೋಟಿ, ನಾಸಾಗೆ ಸುಮಾರು 2,440 ಕೋಟಿ ಡಾಲರ್ ಉಳಿಯಿತು. ಕೋರಿಕೆ ಬೇರೆ, ಕಾನೂನು ಬೇರೆ ಅಂದಿದ್ದು ಇದಕ್ಕೇ.

ಹಾಗಾಗಿ ಫೆಬ್ರವರಿ ಆಸುಪಾಸಿನಲ್ಲಿ ‘ಅಧ್ಯಕ್ಷರು ವಿಜ್ಞಾನದ ದುಡ್ಡು ಕತ್ತರಿಸಿದರು’ ಅಂತ ಸುದ್ದಿ ಬಂದರೆ ತಕ್ಷಣ ಮಗಳಿಗೆ ಫೋನ್ ಮಾಡಬೇಡಿ. ಸೆಪ್ಟೆಂಬರ್ ಕೊನೆಗೆ ಮಾಡಿ. ‘ಸಿಆರ್ ಆಯ್ತಪ್ಪ’ ಅಂದರೆ ಸದ್ಯಕ್ಕೆ ಹಳೆಯ ಲೆಕ್ಕದಲ್ಲೇ ನಡೀತಿದೆ ಅಂತ ಅರ್ಥ. ‘ಶಟ್‌ಡೌನ್’ ಅಂದರೆ ಅವಳ ಪ್ರೊಫೆಸರ್ ಹೊಸ ಅರ್ಜಿ ಹಾಕಿದ್ದಾರಾ ಕೇಳಿ. ಹಾಕಿದ್ದರೆ ಅದನ್ನು ಓದುವವರು ಆಗ ಆಫೀಸಿನಲ್ಲಿ ಇರುವುದಿಲ್ಲ.